ಮಲ್ಲಪ್ಪ ಕಾಕಾ ಬಾಯಿ ಮುಚ್ಚಿಕೊಂಡದ್ದು

ಮೊನ್ನೆ ಜಮಖಂಡಿಯ ಔಷಧಿ ಅಂಗಡಿಯಲ್ಲಿ ಯಾರದೋ ತೋಳಿಗೆ ಬಿ.ಪಿ. ಯಂತ್ರದ ಪಟ್ಟಿ ಸುತ್ತಿದ್ದರು. ಅದು ಗಾಳಿ ತುಂಬಿಕೊಳ್ಳುತ್ತ ಗುರ್ ಎಂದಿತು. ಸದ್ದು ಕೇಳಿದ್ದೇ ನಾನು ಬಾಯಿ ಮುಚ್ಚಿಕೊಂಡೆ. ತೋಳು ನನ್ನದಲ್ಲ, ಆದರೂ ಮುಚ್ಚಿಕೊಂಡೆ. ನಿಮಗಿದು ವಿಚಿತ್ರ ಅನಿಸಿದರೆ, ಬನಹಟ್ಟಿಯ ನಮ್ಮ ಮಲ್ಲಪ್ಪ ಕಾಕಾನನ್ನು ನೀವು ನೋಡಿಲ್ಲ ಎಂದೇ ಅರ್ಥ.

ಕಾಕಾ ನನ್ನ ಅಪ್ಪನ ತಮ್ಮ. ಮನೆಗೆ ಹೊಂದಿಕೊಂಡೇ ಪಾವರ್‌ಲೂಮ್ ಹಾಕಿದ್ದ. ಮಗ್ಗಗಳ ಖಟಪಟ ಮೀರಿಸಿ ಮಾತಾಡುವ ರೂಢಿ ಬಿದ್ದು, ಕರೆಂಟು ಹೋದಾಗಲೂ ಅವನ ದನಿ ಇಳಿಯುತ್ತಿರಲಿಲ್ಲ. ಅವನು ಚಹಾ ಕೇಳಿದರೆ ಆಚೆಮನೆಯವರೂ ಒಲೆ ಹಚ್ಚಬೇಕು, ಅಂಥ ದನಿ. ಹೆಂಡತಿ ನೀಲವ್ವ ಕಾಕು ಮಾತು ಶುರು ಮಾಡುತ್ತಿದ್ದಳು, ಮುಗಿಸುತ್ತಿದ್ದವನು ಕಾಕಾ. ಮಗ್ಗದಲ್ಲಿ ಎಳೆ ಕಡಿದರೆ ಯಾರಾದರೂ ಓಡಿಬಂದು ಗಂಟು ಹಾಕುತ್ತಾರೆ. ಕಾಕುವಿನ ಮಾತು ಕಡಿದರೆ ಯಾರೂ ಹಾಕುತ್ತಿರಲಿಲ್ಲ. ನಾನೂ ಹಾಕಲಿಲ್ಲ, ಅವಳು ಬಡಿಸಿದ್ದನ್ನು ಉಣ್ಣುವುದರಲ್ಲೇ ಇರುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಕಾಕಾನ ಕಾಲು ಬಾತವು. ಕಿಡ್ನಿ ಸೋತಿವೆ, ಬಿ.ಪಿ. ವಿಪರೀತ ಏರಿದೆ ಎಂದರು ಡಾಕ್ಟರು. ಬಿ.ಪಿ. ಕಿಡ್ನಿಯನ್ನು ಕೆಡಿಸುತ್ತದಂತೆ, ಕೆಟ್ಟ ಕಿಡ್ನಿ ಬಿ.ಪಿ.ಯನ್ನು ಏರಿಸುತ್ತದಂತೆ. ಹೊಲದ ಬದುವಿಗಾಗಿ ಜಗಳಾಡುವ ಅಣ್ಣತಮ್ಮಂದಿರ ಹಾಗೆ, ಎರಡೂ ಕೂಡಿಯೇ ಮನೆ ಮುಳುಗಿಸುವವು. ಬಿ.ಪಿ. ಹತೋಟಿಗೆ ಬರದಿದ್ದರೆ ಡಯಾಲಿಸಿಸ್ ದೂರವಿಲ್ಲ ಎಂದರು. ಇಂಥ ರೋಗಿಗಳ ಬಿ.ಪಿ.ಯನ್ನು ಹೇಗೆ ಇಳಿಸಬೇಕೆಂದು ಅದೇ ಆಸ್ಪತ್ರೆಯಲ್ಲಿ ಸಂಶೋಧನೆ ನಡೆದಿತ್ತು. ಕಾಕಾ ಅದಕ್ಕೆ ಸೇರಿಕೊಂಡ. ಬಂದವರಿಗೆಲ್ಲ, “ನನ್ನ ಮ್ಯಾಲ ಸಂಶೋಧನಾ ಮಾಡಾಕತ್ತಾರ,” ಎಂದು ಹೇಳುತ್ತಿದ್ದ, ತಾನೇ ಮಾಡುತ್ತಿದ್ದವನಂತೆ.

ಮನೆಯಲ್ಲಿ ದಿನಾ ಬಿ.ಪಿ. ನೋಡಿಕೊಳ್ಳಲು ಅವನಿಗೊಂದು ಯಂತ್ರ ಕೊಟ್ಟರು. ಜೊತೆಗೊಂದು ನಿಯಮ: ನೋಡುವ ಮೊದಲು ಐದು ನಿಮಿಷ ಮಾತಾಡದೆ ಕೂಡಬೇಕು. ಉಪ್ಪು ಬಿಡು ಎಂದಾಗ ಗೊಣಗದ ಕಾಕಾ ಇದಕ್ಕೆ ಗೊಣಗಿದ.

ತೊಡಕು ಬೇರೆಯೇ ಬಂತು. ಆಸ್ಪತ್ರೆಯಲ್ಲಿ ನೋಡಿದರೆ ಬಿ.ಪಿ. ಅಷ್ಟಿಲ್ಲ, ಮನೆಯಲ್ಲಿ ನೋಡಿದರೆ ಏರಿ ಕೂತಿರುತ್ತಿತ್ತು. ಸಾಮಾನ್ಯವಾಗಿ ಮಂದಿಗೆ ಡಾಕ್ಟರ ಮುಖ ನೋಡಿದಾಗ ಏರುತ್ತದೆ. ಇದೇನೆಂದು ನೋಡಲು ಸಂಶೋಧನೆಯ ಕಡೆಯ ನರ್ಸ್‌ಬಾಯಿ ಒಂದು ಮುಂಜಾನೆ ಮನೆಗೇ ಬಂದಳು. ನಾನೂ ಅಲ್ಲಿದ್ದೆ. ಕಾಕಾನ ಆರೋಗ್ಯ ವಿಚಾರಿಸಲು ಹೋಗಿದ್ದೆ ಎಂದು ಹೇಳಿಕೊಳ್ಳಬಹುದು, ಆದರೆ ಹೋದದ್ದು ಉಪ್ಪಿಟ್ಟಿಗೆ.

ಮಗ್ಗ ನಿಲ್ಲಿಸಿದರು. ಕಾಕಾ ಖುರ್ಚಿಗೆ ಒರಗಿ ಕೂತ. ಪಟ್ಟಿ ಸುತ್ತಿ ನರ್ಸ್‌ಬಾಯಿ, “ಇನ್ನ ಮಾತಾಡಬ್ಯಾಡ್ರಿ ಅಜ್ಜಾರ,” ಎಂದಳು. ಮನೆ ಗಪ್ಪಾಯಿತು. ಆಗ ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಗಂಡನ ಎದುರಿಗೆ ಕೂತಳು.

“ನಿನ್ನಿ ನಮ್ಮ ತವರಮನಿ ಮಂದಿ ಮುಂದ ನನ್ನ ಅಡಗಿ ಸಪ್ಪಗೈತಿ ಅಂತ ಹೆಸರಿಟ್ರಿ. ಉಪ್ಪ ಹಾಕಿದ್ರ ನಿಮ್ಮ ಕಿಡ್ನಿ ಹೋಗ್ತೈತಿ, ಹಾಕದಿದ್ರ ನನ್ನ ಮರ್ಯಾದಿ ಹೋಗ್ತೈತಿ. ಏನ ಮಾಡ್ಲಿ ಹೇಳ್ರಿ.”

ಕಾಕಾ ಹೇಗೆ ಹೇಳಬೇಕು? ಬೆರಳೆತ್ತಿದ. “ಕೈ ಅಲ್ಲಾಡಿಸಬ್ಯಾಡ್ರಿ,” ಎಂದಳು ನರ್ಸ್‌ಬಾಯಿ. ಕಾಕು ದನಿ ಏರಿಸದೆ, ಲಗ್ನವಾದಂದಿನಿಂದ ಉಳಿದಿದ್ದನ್ನು ಒಂದೊಂದಾಗಿ ಇಳಿಸುತ್ತಿದ್ದಳು. ಕಾಕಾನ ಕೊರಳಿನ ನರ ಉಬ್ಬುತ್ತಿದ್ದವು. ದಿನಾ ಮುಂಜಾನೆ ಹೀಗೇ ನಡೆದಿತ್ತೆಂದು ನಮಗೆ ಆಗ ತಿಳಿಯಿತು. ನನಗೆ ನಗು ತಡೆಯಲಾಗದೆ ಉಪ್ಪಿಟ್ಟು ನೆತ್ತಿಗೇರಿತು.

“ಇನ್ನ ಮೊಣಕಾಲ ನೋವಿನ ಗುಳಿಗಿ,” ಎಂದಳು ಕಾಕು. “ಡಾಕ್ಟರ ಕೇಳಿದ್ರ ಏನೂ ತಗೊಳಂಗಿಲ್ಲ ಅಂತೀರಿ. ದಿನಾ ಅಂಗಡಿಯಿಂದ ತಂದು ಮಗ್ಗದ ಮರಿಗೆ ನಿಂತು ನುಂಗ್ತೀರಿ. ನನಗ ಕಾಣಂಗಿಲ್ಲ ಅಂತ ತಿಳಿದೀರಿ.”

ಯಂತ್ರ ಗುರ್ ಎಂದು ತನ್ನ ಲೆಕ್ಕ ಹೇಳಿತು. ನರ್ಸ್‌ಬಾಯಿ ಅದನ್ನು ನೋಡಲೇ ಇಲ್ಲ. “ಯಾವ ಗುಳಿಗೀರಿ ಅವ್ವಾರ? ತಂದು ತೋರಸ್ರಿ. ಅದು ಕಿಡ್ನಿನೂ ತಿಂತೈತಿ, ಬಿ.ಪಿ.ನೂ ಏರಸ್ತೈತಿ.”

ಈಗ ಕಾಕಾ ಮಾತಾಡಬಹುದಿತ್ತು. ಆಡಲಿಲ್ಲ. ಕಾಕು ಸೆರಗು ಮುಖಕ್ಕೆ ಒಯ್ದು, “ಇವರಿಗೇನರ ಆದ್ರ ನಾ ಯಾರ ಕೂಡ ಜಗಳಾಡ್ಲಿ?” ಎಂದಳು.

“ಕಾಲ ಭಾಳ ನೋಯ್ತಾವು,” ಎಂದ ಕಾಕಾ. ಅವನಿಗೆ ಮೆಲ್ಲಗೆ ಮಾತಾಡಲೂ ಬರುತ್ತದೆಂದು ನನಗೆ ಗೊತ್ತಾದದ್ದು ಆವತ್ತೇ.

ಆ ಗುಳಿಗೆ ನಿಂತಿತು. ಮೊಣಕಾಲಿಗೆ ಹಚ್ಚಲು ಮುಲಾಮು ಬಂತು, ವ್ಯಾಯಾಮ ಬಂತು. ಬಿ.ಪಿ. ಆಮೇಲೆ ತನ್ನ ಗುಳಿಗೆಗಳ ಮಾತು ಕೇಳತೊಡಗಿತು. ಕಿಡ್ನಿಯಲ್ಲಿ ಹೋದದ್ದು ಮರಳಲಿಲ್ಲ, ಉಳಿದದ್ದು ಇನ್ನೂ ನಡೆಸುತ್ತಿದೆ. ಡಯಾಲಿಸಿಸ್ ಇವತ್ತಿನವರೆಗೂ ಬಂದಿಲ್ಲ. ಸಂಶೋಧನೆಯಲ್ಲಿ ಡಾಕ್ಟರು ಏನು ಬರೆದರೋ ನನಗೆ ತಿಳಿಯದು. ನೀಲವ್ವ ಕಾಕುವನ್ನು ಬಿ.ಪಿ. ಏರುವ ಕಾರಣಗಳಲ್ಲಿ ಸೇರಿಸಿರಲಿಕ್ಕಿಲ್ಲ.

ನರ್ಸ್‌ಬಾಯಿ ಮಾತ್ರ ಹೋಗುವಾಗ, ಆ ಐದು ನಿಮಿಷ ಕಾಕುವೂ ಸುಮ್ಮನಿರಬೇಕೆಂದು ಹೇಳಿದ್ದಳು.

“ಹಂಗಾರ ನಾ ಯಾವಾಗ ಮಾತಾಡ್ಲಿ?”

ನರ್ಸ್‌ಬಾಯಿ ತುಸು ಯೋಚಿಸಿ, “ಪಟ್ಟಿ ಬಿಚ್ಚಿದ ಮ್ಯಾಲ,” ಎಂದಳು.

ಹೋದ ಸಲ ನಾನು ಬನಹಟ್ಟಿಗೆ ಹೋದಾಗ ಪಟ್ಟಿ ಬಿಚ್ಚಿಯಾಗಿತ್ತು, ಕಾಕಾ ಇನ್ನೂ ಬಾಯಿ ಮುಚ್ಚಿ ಕೂತೇ ಇದ್ದ. “ಹೆಂಗದಿ ಕಾಕಾ?” ಎಂದೆ. “ತಡಿಯಪ್ಪಾ,” ಎಂದ, “ಆಕಿದಿನ್ನೂ ಮುಗಿದಿಲ್ಲ.”

ಔಷಧಿ ಅಂಗಡಿಯಿಂದ ಮನೆಗೆ ಬಂದೆ. ನಾನು ನೀರಿನ ಟಾಕಿ ತುಂಬಿಸದಿದ್ದುದರ ಬಗ್ಗೆ ಹೆಂಡತಿ ಹೇಳುತ್ತಿದ್ದಳು. ನಡುವೆ ಬಾಯಿ ಹಾಕದೆ ಕೇಳುತ್ತ ಕೂತೆ. ಅವಳು ಅರ್ಧಕ್ಕೇ ನಿಲ್ಲಿಸಿ, ನನ್ನ ಹಣೆಗೆ ಕೈ ಇಟ್ಟು ನೋಡಿದಳು.

“ಯಾಕ್ರಿ, ಆರಾಮ ಇಲ್ಲೇನು?”