ಬಾಂದುಕಲ್ಲಿನ ಆಚೆ

ಯಲವಿಗಿಯಲ್ಲಿ ರೈಲಿಳಿದು ಪಕ್ಕದ ಹಳ್ಳಿಯ ಸೀಮೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ದಾರಿಯಲ್ಲಿ ಓದಿದ ಹಳೆಯ ಅಮೆರಿಕದ ಪಾನನಿಷೇಧದ ಕಥೆ ಇನ್ನೂ ಕಣ್ಣಲ್ಲಿತ್ತು. ಕಡಲು ದಾಟಿ ವಲಸೆ ಬಂದವರ ಊಟದಿಂದ ಕಾನೂನು ದ್ರಾಕ್ಷಾರಸ ಎತ್ತಿಕೊಂಡು ಹೋಗಿತ್ತಂತೆ. ಹೆಂಡದ ಹಡಗುಗಳು ಆ ಕಾನೂನಿನ ಗಡಿಯಾಚೆ, ಕಡಲ ನೀರಿನಲ್ಲಿ ಕಾಯುತ್ತಿದ್ದವಂತೆ.

ಹೊಲದ ಮೇಲೆ ಬಿಸಿಲು ಮಂಪರಿನಲ್ಲಿ ತೂಕಡಿಸುತ್ತಿತ್ತು. ಅಂದು ಪಿತೃಪಕ್ಷದ ಅಮಾವಾಸ್ಯೆ, ಸತ್ತ ಹಿರಿಯರು ಕಾಗೆಯಾಗಿ ಬಂದು ಉಣ್ಣುವ ದಿನ. ಅಜ್ಜಿಯೊಬ್ಬಳು ಬಂದು ಊರ ಗಡಿಯ ಬಾಂದುಕಲ್ಲಿನ ಈಚೆ ಹೋಳಿಗೆಯ ಎಡೆ ಇಟ್ಟಳು. ಆಚೆ ಒಂದು ಲೋಟ ಸಾರಾಯಿ ಇಟ್ಟಳು.

"ಯಾರಿಗವ್ವಾ ಇದು?" ಎಂದೆ.

"ನಮ್ಮ ಮನಿಯವರಿಗ್ರಿ. ಕುಡಿದು ಕುಡಿದ ಸತ್ರು. ಆಮ್ಯಾಲ ನಾವು ಹೆಣ್ಮಕ್ಕಳ ಕೂಡಿ ಊರಾಗ ಸಾರಾಯಿ ಬಂದ್ ಮಾಡಿಸಿದ್ವಿ. ಆದ್ರ ಸತ್ತವರಿಗೆ ಇಷ್ಟದ್ದು ಇಡಬೇಕಲ್ರಿ? ಅದಕ್ಕ ಸೀಮಿ ಆಚೆ ಇಟ್ಟೇನಿ."

"ಮತ್ತೆ ಹೋಳಿಗೆ ಈಚೆ ಯಾಕೆ?"

"ಒಂದ್ ವರ್ಷರ ಈ ಕಡೆ ಬಂದಾರು ಅಂತ್ರಿ. ಕಾಗಿ ಪ್ರತಿ ಸಲ ಆಚೇನ ಇಳಿತೈತಿ."

ಕಾಗೆ ಬಂತು. ಕಲ್ಲಿನ ಮೇಲೆ ಕೂತು ಆಚೆ ನೋಡಿತು, ಈಚೆ ನೋಡಿತು. ನನ್ನ ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ. ಅಜ್ಜಿ ತಲೆಯ ಮೇಲೆ ಸೆರಗೆಳೆದುಕೊಂಡು, ಹೊಸ ಮದುವಣಗಿತ್ತಿಯ ಹಾಗೆ ಮೆಲ್ಲಗೆ ಕರೆದಳು:

"ಈ ಕಡೆ ಬರ್ರಿ. ಹೋಳಿಗಿ ಆರಾಕತ್ತೈತಿ."