ಡಾಕ್ಟರು ಕೇಳಿದ ಹೆಸರು

“ನಿಮ್ಮ ಯಜಮಾನ್ರ ಹೆಸರೇನ್ರಿ, ಅಮ್ಮಾರ?” ಲಕ್ವಾ ಹೊಡೆದು ಮಲಗಿದ್ದ ನನ್ನ ತಂಗಿ ನೀಲವ್ವನನ್ನು ಡಾಕ್ಟರು ಕೇಳಿದರು. ಅವಳು ತುಟಿ ಬಿಚ್ಚಲಿಲ್ಲ. ರೋಣದಿಂದ ಗದಗಿನ ದವಾಖಾನೆಗೆ ಅವಳನ್ನು ಕರೆತಂದು ನಿದ್ದೆಗೆಟ್ಟಿದ್ದ ನನಗೆ, ಅಷ್ಟು ದಣಿವಿನಲ್ಲೂ ಸಣ್ಣ ಆಸೆ ಹುಟ್ಟಿತು. ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಅದಕ್ಕೇ ಸುಮ್ಮನಿದ್ದಾಳೆ, ಮಾತು ಹೋಗಿಲ್ಲ ಎಂದುಕೊಂಡೆ. ದೊಡ್ಡವರೆದುರು ಬಾಯಿ ಬಿಡದ ನಾನು ಹೇಗೋ ಹೇಳಿದೆ: “ಅಕಿ ಗಂಡನ ಹೆಸರ ಹೇಳೂದಿಲ್ರಿ. ನಾ ಅಕಿಗೆ ಏನಾಗಬೇಕು ಅಂತ ಕೇಳ್ರಿ.”

ಕೇಳಿದರು. ನೀಲವ್ವ ನನ್ನನ್ನೇ ನೋಡಿದಳು. ಗಂಟಲ ನರ ಉಬ್ಬಿತು, ಕಣ್ಣು ತುಂಬಿತು. ‘ಅಕ್ಕ’ ಎಂಬ ಮಾತು ಹೊರಬರಲಿಲ್ಲ.

ಡಾಕ್ಟರು ಅವಳ ಮೆದುಳಿನ ಸ್ಕ್ಯಾನಿಂಗ್ ಫೋಟೊವನ್ನು ಬೆಳಕಿಗೆ ಹಿಡಿದು ಒಂದು ಕಪ್ಪು ಕಲೆ ತೋರಿಸಿದರು. “ಮಾತಿನ ಜಾಗಾಕ್ಕ ಪೆಟ್ಟ ಬಿದ್ದದ. ಪೂರಾ ತಿರುಗಿ ಬರೂದು ಕಷ್ಟರಿ. ಆದ್ರ ನೀವು ಅವರ ಜೋಡಿ ಮಾತಾಡೂದು ಬಿಡಬ್ಯಾಡ್ರಿ.”

ಮೊಮ್ಮಕ್ಕಳೇ, ಅಜ್ಜಿ ಈಚೆಗೆ ಬಹಳ ಮಾತಾಡುತ್ತಾಳೆ ಎಂದು ನಗುತ್ತೀರಿ. ನೀಲಜ್ಜಿಯ ಹತ್ತಿರ ಕೂತು ಎಮ್ಮೆ, ಒಲೆ, ಕಡಲೆ ಹೊಲ ಎಂದು ದಿನವಿಡೀ ಒಬ್ಬಳೇ ಹೇಳುತ್ತೇನೆ. ಸಂಜೆ ಗಂಟಲು ಸೋತು ಸುಮ್ಮನಾದರೆ, ಅವಳು ಎಡಗೈಯಿಂದ ನನ್ನ ಸೆರಗು ಜಗ್ಗುತ್ತಾಳೆ.