ಬೈ ಫ್ರೈಡೇ

ನಂದಗಡದ ಕಾಡವ್ವ ಬೆಳಗಾವಿಯ ರಸ್ತೆ ಬದಿ ಡಬ್ಬಿ ಅಂಗಡಿಯಲ್ಲಿ ಕಂಬಳಿ ಮಾರಿಯೇ ಮುದುಕಿಯಾದವಳು. ಅಂಗಡಿ ‘ಬೈ ಫ್ರೈಡೇ’ ತೆರವು ಮಾಡಬೇಕೆಂದು ಪಾಲಿಕೆಯಿಂದ ಇಂಗ್ಲಿಷಿನಲ್ಲಿ ನೋಟಿಸು ಬಂತು. “ಶುಕ್ರವಾರ ಸಂಜಿತನಕ ಟೈಮ್ ಐತಿ, ಆಯಿ,” ಅಂದಳು ಕಾಲೇಜು ಓದುವ ಮೊಮ್ಮಗಳು ಪೂನಮ.

ಶುಕ್ರವಾರ ಬೆಳಿಗ್ಗೆ ಕಾಡವ್ವ ಅಂಗಡಿ ಸಾಗಿಸಲು ಟೆಂಪೋ ಹಿಡಿದು ಬಂದರೆ ಜೆಸಿಬಿ ಆಗಲೇ ಅಂಗಡಿ ಕೆಡವಿತ್ತು. ಕಂಬಳಿಗಳು ಗಟಾರದಲ್ಲಿ ಬಿದ್ದಿದ್ದವು.

“ಬೈ ಅಂದ್ರ ಅದಕ್ಕಿಂತ ಮೊದ್ಲ ಅಂತ ಅರ್ಥ, ಯಮ್ಮಾ,” ಅಂದ ಪಾಲಿಕೆಯ ಸಾಹೇಬ.

ನಾವು ಅಕ್ಕಪಕ್ಕದ ಅಂಗಡಿಯವರು ಅವಳ ಜೊತೆ ಧರಣಿ ಕೂತ ಮೇಲೆ ‘ಬೈ ಮಂಡೇ’ ಬೇರೆ ಜಾಗ ಕೊಡುತ್ತೇನೆಂದು ಬರೆದುಕೊಟ್ಟ. ಸೋಮವಾರ ಮುಂಜಾನೆಯೇ ಹೋದೆವು.

“ಸಂಜಿತನಕ ಟೈಮ್ ಐತೆಲ್ಲಾ? ಕುಂದರ್ರಿ,” ಅಂದ.

“ಕೆಡವಾಕ ಆದ್ರ ಮೊದ್ಲ, ಕೊಡಾಕ ಆದ್ರ ಸಂಜಿತನಕ! ನಮ್ಮ ಕನ್ನಡದಾಗ ಬೈ ಅಂದ್ರ ಒಂದ ಅರ್ಥ ಐತ್ರಿ, ಸಾಹೇಬ್ರ,” ಎನ್ನುತ್ತ ಕಾಡವ್ವ ಕಚೇರಿಗೆ ಕೀಲಿ ಬೀಳುವತನಕ ಬೈದಳು. ಜಾಗ ಮಾತ್ರ ಸಿಗಲಿಲ್ಲ.